ಇಪ್ಪತ್ತು ಸಲ ತೊಳೆಯಬೇಕಿದ್ದ ಪುಡಿ

ಹೋದ ವಾರ ಮಡಗಾಂವದಲ್ಲಿ ನಾವಿರುವ ಗುಡ್ಡ, ಮೋತಿ ಡೊಂಗರ್‌ನ ಮೆಟ್ಟಿಲ ಮೇಲೆ ಮೇಲಿನ ಮನೆಯ ಹೆಂಗಸು ವಿನೆಗರ್ ಬಾಟಲಿ ಕೆಡವಿದಳು. ದೊಡ್ಡ ಬಾಟಲಿ. ಹುಳಿ ವಾಸನೆ ಒಂದೊಂದೇ ಮೆಟ್ಟಿಲು ಇಳಿದು ನಮ್ಮ ಬಾಗಿಲ ತನಕ ಬಂತು. ಉಳಿದವರೆಲ್ಲ ಮೂಗು ಮುಚ್ಚಿಕೊಂಡು ದಾಟಿದರು. ನಾನು ಟಿಫಿನ್ ಡಬ್ಬಿ ಹಿಡಿದುಕೊಂಡು ಅಲ್ಲೇ ನಿಂತೆ. ಕೆಳಗೆ ವೆರ್ಣಾಕ್ಕೆ ಹೋಗುವ ಕಂಪನಿ ಬಸ್ಸು ಹಾರ್ನ್ ಹೊಡೆಯುತ್ತಿತ್ತು.

"ಅಲ್ಲೇನ್ ಪ್ರಸಾದ ಕೊಡಾಕತ್ತಾರೇನಲೇ? ಬಾರಲೇ!" ಎಂದು ಜೊತೆಯವನು ಬಸ್ಸಿನ ಕಿಟಕಿಯಿಂದ ಒದರಿದ.

ಹೋದೆ. ಆದರೆ ದಾರಿಯುದ್ದಕ್ಕೂ ಅಕ್ಕೋರು ನೆನಪಾದರು...

ನಮ್ಮ ವಿಜಾಪುರದ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಅಕ್ಕೋರು ಅಂತಾರೆ. ಇವರು ನನಗೆ ಶಾಲೆ ಕಲಿಸಲಿಲ್ಲ. ನಾನು ಶಾಲೆ ಬಿಟ್ಟದ್ದು ನಾಲ್ಕನೇ ಇಯತ್ತೆಯಲ್ಲಿ. ಇವರು ಸಿಕ್ಕದ್ದು ಅದಾಗಿ ಹನ್ನೆರಡು ವರ್ಷದ ಮೇಲೆ, ಮಡಗಾಂವದ ಹೊರಗಿನ ಒಂದು ಕಾಲೇಜಿನಲ್ಲಿ. ಅಲ್ಲಿ ಹೊಸ ಕಟ್ಟಡ ಏಳುತ್ತಿತ್ತು, ನಾನು ಸೆಂಟ್ರಿಂಗ್ ಕೆಲಸಕ್ಕೆ ಇದ್ದೆ. ಒಂದು ದಿನ ಬೆಳಿಗ್ಗೆ ಕೆಮಿಸ್ಟ್ರಿ ಕೋಣೆಯಿಂದ ಐವತ್ತರ ಹತ್ತಿರದ ಹೆಂಗಸೊಬ್ಬರು ಹೊರಗೆ ಬಂದರು. ಕಾಟನ್ ಸೀರೆ, ದಪ್ಪ ಚಷ್ಮಾ. ಎಡಗೈಯಲ್ಲಿ ಕರವಸ್ತ್ರ ಮೂಗಿಗೆ ಒತ್ತಿದ್ದರು. ಬಲಗೈ ಉದ್ದಕ್ಕೆ ಚಾಚಿ, ಹಾವು ಹಿಡಿದವರ ಹಾಗೆ, ಒಂದು ಪ್ಲಾಸ್ಟಿಕ್ ಚೀಲ ಹಿಡಿದಿದ್ದರು. ಚೀಲದಲ್ಲಿ ನಾಲ್ಕು ಬಾಂಗಡೆ ಮೀನು.

ನಾನು ಪಕ್ಕದವನಿಗೆ ಅಂದೆ, "ಈ ಬಾಯಿ ಮೀನ ಹಿಡದಾಳೋ, ಮೀನ ಈಕಿನ್ನ ಹಿಡದತೋ?"

ಗೋವಾದಲ್ಲಿ ಕನ್ನಡದಲ್ಲಿ ಬೈದರೆ ಯಾರಿಗೂ ತಿಳಿಯೋದಿಲ್ಲ ಅನ್ನೋ ಧೈರ್ಯ. ಆ ಬಾಯಿ ನೇರ ನನ್ನ ಮುಂದೆ ಬಂದು ನಿಂತರು.

"ಎರಡೂ ಖರೇ ಅದ ತಮ್ಮಾ. ಬಾ, ಬಂದು ಬಿಡಿಸು," ಅಂದರು. ಅಪ್ಪಟ ಧಾರವಾಡದ ಕನ್ನಡ.

ಹೋಗಿ ನಾಲ್ಕೂ ಬಾಂಗಡೆ ಕೊಯ್ದು ಕೊಟ್ಟೆ. ಮಾರನೆಯ ದಿನ ಮತ್ತೆ ಕರೆದರು. ಎಂಟು ದಿನ ಆದ ಮೇಲೆ ಕಂತ್ರಾಟದಾರನಿಗೆ ಹೇಳಿ ನನ್ನನ್ನು ಕೆಲಸಕ್ಕೆ ಇಟ್ಟುಕೊಂಡರು. ಗಾಜಿನ ಸಾಮಾನು ತೊಳೆಯೋದು, ಪುಡಿ ಕುಟ್ಟೋದು, ಮೀನು ತರೋದು. ಬಿಸಿಲಿನಲ್ಲಿ ಹಲಗೆ ಹೊರೋದಕ್ಕಿಂತ ಚಲೋ ಅಂತ ಒಪ್ಪಿಕೊಂಡೆ.

ಅಕ್ಕೋರು ಹುಟ್ಟಿನಿಂದ ಮೀನು ತಿಂದವರಲ್ಲ. ಅವರ ಮನೆಯಲ್ಲಿ ಉಳ್ಳಾಗಡ್ಡಿ ತಂದರೂ ಚೀಲದಲ್ಲಿ ಮುಚ್ಚಿ ತರುತ್ತಿದ್ದರಂತೆ. ಅಂಥವರು ದಿನವಿಡೀ ಮೀನಿನ ಕೆಲಸ ಮಾಡುತ್ತಿದ್ದರು. ಯಾಕೆ ಅಂತ ಕೇಳಿದೆ. ಒಂದು ಸಲ ಕಾಲೇಜಿನ ಹಾಸ್ಟೆಲಿನಲ್ಲಿ ಮೀನಿನ ಸಾರು ತಿಂದ ಹುಡುಗಿಯರ ಮುಖ ಕೆಂಪಾಗಿ, ಮೈ ತುಂಬ ಗಂಧೆ ಎದ್ದು, ದವಾಖಾನೆಗೆ ಹೊತ್ತೊಯ್ದರಂತೆ. ಮೀನು ಬಿಸಿಲಲ್ಲಿ ಕೂತರೆ ಅದರಲ್ಲಿ ಒಂದು ವಿಷ ಹುಟ್ಟುತ್ತದೆ. ಕುದಿಸಿದರೂ ಹೋಗೋದಿಲ್ಲ, ಹುರಿದರೂ ಹೋಗೋದಿಲ್ಲ. ಮಸಾಲೆ ಹಾಕಿದರೆ ವಾಸನೆಯೂ ತಿಳಿಯೋದಿಲ್ಲ. ಆ ವಿಷದ ಗುರುತು ಹಿಡಿಯುವ ಒಂದು ಗಾಜಿನ ಪಟ್ಟಿ ಮಾಡಬೇಕು ಅನ್ನೋದು ಇವರ ಹಟ.

"ಗಾಜು ಹೆಂಗ ಗುರ್ತ ಹಿಡೀತೈತ್ರಿ?" ಅಂದೆ.

"ನೀ ಕಾಲಂಗೆ ಸೆಂಟ್ರಿಂಗ್ ಹೆಂಗ ಮಾಡ್ತಿ?"

"ಸುತ್ತಲೂ ಹಲಗಿ ಕಟ್ಟತೇವ್ರಿ. ಒಳಗ ಕಾಂಕ್ರೀಟ್ ಸುರೀತೇವಿ. ಗಟ್ಟಿ ಆದಮ್ಯಾಲ ಹಲಗಿ ಬಿಚ್ಚತೇವಿ."

"ನಂದೂ ಅದ ಕೆಲಸ. ನಿನ್ನ ಹಲಗಿ ಹೊರಗ, ನಂದು ಒಳಗ."

ಆಮೇಲೆ ಬಿಡಿಸಿ ಹೇಳಿದರು. ಆ ವಿಷದ ಶುದ್ಧ ಪುಡಿ ಬಾಟಲಿಯಲ್ಲಿ ಬರುತ್ತದೆ. ಅದನ್ನು ಒಂದು ರಸದಲ್ಲಿ ಕಲಸಿ, ಬಿಸಿ ಮಾಡಿ ಗಟ್ಟಿ ಮಾಡೋದು. ರಸ ಪ್ಲಾಸ್ಟಿಕ್ಕಿನ ಹಾಗೆ ವಿಷದ ಒಂದೊಂದು ಕಣದ ಸುತ್ತ ಬಿಗಿಯುತ್ತದೆ. ಆ ಗಡ್ಡೆ ಕುಟ್ಟಿ ಪುಡಿ ಮಾಡಿ, ಒಳಗಿನ ವಿಷವನ್ನೆಲ್ಲ ತೊಳೆದು ತೆಗೆಯೋದು. ಆಗ ಪುಡಿಯಲ್ಲಿ ವಿಷದ್ದೇ ಆಕಾರದ ತಗ್ಗು ಉಳಿಯುತ್ತವೆ. ಮುಂದೆ ಮೀನಿನ ನೀರಿನಲ್ಲಿ ಅದೇ ವಿಷ ಇದ್ದರೆ ಬಂದು ಆ ತಗ್ಗಿನಲ್ಲಿ ಕೂರುತ್ತದೆ. ಬೇರೆಯದು ಕೂರೋದಿಲ್ಲ. ಪುಡಿಯನ್ನು ಗಾಜಿನ ಪಟ್ಟಿಗೆ ಸವರಿ, ನೇರಳೆ ಬಣ್ಣದ ದೀಪ ಹಿಡಿದರೆ, ವಿಷ ಕೂತ ಗಾಜು ಹಸಿರಾಗಿ ಹೊಳೆಯುತ್ತದೆ. ಕೂರದಿದ್ದರೆ ಕತ್ತಲು.

"ಬ್ಯಾರೇದು ಯಾಕ ಕೂಡೂದಿಲ್ರಿ?"

"ಒಬ್ಬರ ಚಪ್ಪಲಿ ಇನ್ನೊಬ್ಬರ ಕಾಲಿಗೆ ಬರತದೇನು?"

"ಗುಡಿ ಮುಂದ ಬಿಟ್ಟ ಚಪ್ಪಲಿ ಎಲ್ಲಾರ ಕಾಲಿಗೂ ಬರತಾವ್ರಿ ಅಕ್ಕೋರ."

ಅವರು ನಕ್ಕರು ನೋಡ್ರಿ, ಚಷ್ಮಾ ಜಾರಿ ಮೂಗಿನ ತುದಿಗೆ ಬಂತು. ಅವತ್ತಿನಿಂದ ನಮ್ಮಿಬ್ಬರಲ್ಲಿ ಅದೇ ಮಾತು. ಯಾವ ಪುಡಿ ಕಂಡಕಂಡದ್ದಕ್ಕೆಲ್ಲ ಹಸಿರು ತೋರಿಸುತ್ತದೋ ಅದು 'ಗುಡಿ ಚಪ್ಪಲಿ'. ತಿಪ್ಪೆಗೆ.

ಎಲ್ಲ ಕೆಲಸಕ್ಕಿಂತ ಬೇಸರದ್ದು ತೊಳೆಯೋದು. ಸ್ಪಿರಿಟ್ಟಿನಲ್ಲಿ ವಿನೆಗರ್‌ನ ಹುಳಿ ಬೆರೆಸಿ, ಪುಡಿ ಹಾಕಿ, ಒಂದು ತಾಸು ಅಲುಗಿಸಿ, ಸೋಸಿ, ಮತ್ತೆ ಹೊಸದು ಹಾಕಿ... ಇಪ್ಪತ್ತು ಸಲ. ಈ ಇಪ್ಪತ್ತು ಅಂದಾಜಿನ ಮಾತಲ್ಲ. ಅಕ್ಕೋರು ಐದಾರು ಸಲ ಮಾಡಿ ನೋಡಿ ಕಂಡುಕೊಂಡದ್ದು. ಹತ್ತೊಂಬತ್ತಕ್ಕೂ ಒಂದು ಚೂರು ವಿಷ ಬರುತ್ತದೆ, ಇಪ್ಪತ್ತಕ್ಕೆ ಪೂರ್ತಿ ನಿಲ್ಲುತ್ತದೆ. ಗೋಡೆಗೆ ಒಂದು ಹಾಳೆ ಅಂಟಿಸಿ, ಇಪ್ಪತ್ತು ಮನೆ ಬರೆದು, ದಾರಕ್ಕೆ ಪೆನ್ನು ಕಟ್ಟಿದ್ದರು. ಒಂದು ಸಲ ತೊಳೆದರೆ ಒಂದು ಟಿಕ್.

ನನಗೆ ಇಂಥ ನಾಜೂಕು ಅಂದರೆ ಮೈ ಉರಿಯುತ್ತಿತ್ತು. ಮೂರು ಸಲ ತೊಳೆದರೆ ನೀರು ತಿಳಿಯಾಗಿ ಕಾಣುತ್ತಿತ್ತು. ನಮ್ಮವ್ವ ಅಕ್ಕಿ ಎರಡು ಸಲ ತೊಳೆದು ಏಳು ಮಂದಿಯನ್ನು ಬೆಳೆಸಿದಳು.

ಮೀನು ತರುತ್ತಿದ್ದದ್ದು ಮಡಗಾಂವ ಮಾರ್ಕೆಟ್ಟಿನ ಒಬ್ಬ ಮಾವಶಿಯ ಹತ್ತಿರ. ಮೂಗಿನಲ್ಲಿ ನತ್ತು, ಬಾಯಿ ತುಂಬ ಎಲೆ. ಮೋತಿ ಡೊಂಗರ್‌ನ ನಮ್ಮ ಮಂದಿಗೆ ಮೀನು ಮಾರಿ ಮಾರಿ ಅರ್ಧ ಕನ್ನಡ ಕಲಿತಿದ್ದಳು. ಮೀನಿನ ಕಿವಿರು ಒಂದು ಬೆರಳಿನಿಂದ ಎತ್ತಿ, ಒಂದು ಸಲ ಮೂಸಿ, ಯಾವ ಹೊತ್ತಿಗೆ ಹಿಡಿದದ್ದು ಅಂತ ಹೇಳುತ್ತಿದ್ದಳು. ನಾನು ಗಾಜಿನ ಸುದ್ದಿ ಹೇಳಿದಾಗ ಎಲೆ ಉಗುಳಿ ಕೇಳಿದಳು.

"ಗಾಜಿಗೆ ಮೂಗು ಐತಿ ಕಿತೆಂ?" ಕಿತೆಂ ಅಂದರೆ ಏನು ಅಂತ.

"ಅದು ಮೂಸೂದಿಲ್ಲ ಮಾವಶಿ, ಹೊಳೀತೈತಿ."

"ಮೂಸೂದಿಲ್ಲ, ತಿನ್ನೂದಿಲ್ಲ. ಅದಕ್ಕ ಏನ್ ಗೊತ್ತು ಮೀನ? ನಿನ್ನ ಬಾಯಿ ತಿಂತಾಳಾ?"

"ಆಕಿ ಉಳ್ಳಾಗಡ್ಡಿನೂ ತಿನ್ನೂದಿಲ್ಲ."

ಮಾವಶಿ ಸುತ್ತಲಿನ ಹೆಂಗಸರಿಗೆಲ್ಲ ಕೊಂಕಣಿಯಲ್ಲಿ ಇದನ್ನು ಹೇಳಿ ನಗಿಸಿದಳು. ಆವತ್ತಿನಿಂದ ಮಾರ್ಕೆಟ್ಟಿನಲ್ಲಿ ನನ್ನ ಹೆಸರು 'ಗಾಜಿನವ'.

ಆಗ ಬಂತು ಡೆಲ್ಲಿಯವರ ಸುದ್ದಿ. ಅಕ್ಕೋರ ಈ ಕೆಲಸಕ್ಕೆ ಮಂಜೂರಾತಿ ಕೊಟ್ಟ ಕಚೇರಿಯಿಂದ ಇಬ್ಬರು ಸಾಹೇಬರು ನೋಡಲು ಬರುವವರಿದ್ದರು. ಗಾಜು ಖರೇ ಹೇಳಿದರೆ ಇನ್ನೂ ಎರಡು ವರ್ಷ ಕೆಲಸ. ಸುಳ್ಳು ಹೇಳಿದರೆ ಅಲ್ಲಿಗೇ ಬಂದ್, ಕೋಣೆ ಆಟದ ವಿಭಾಗಕ್ಕೆ. ಆಟದ ಸರ್ ಆಗಲೇ ಮೂರು ಸಲ ಟೇಪು ಹಿಡಿದು ಬಂದು ಕೋಣೆ ಅಳೆದು ಹೋಗಿದ್ದ. ನಾವು ಕೆಲಸ ಮಾಡುತ್ತಿದ್ದರೂ ನಮ್ಮ ಕಾಲ ಸಂದಿಯಿಂದ ಟೇಪು ಎಳೆಯುತ್ತಿದ್ದ.

"ಸರ್, ನನ್ನೂ ಅಳತಿ ತಗೋತೀರೇನು?" ಎಂದು ಅಕ್ಕೋರು ಒಂದು ಸಲ ಕೇಳಿದರು. ಅವನು ಗಾಬರಿಯಾಗಿ ಟೇಪು ಬಿಟ್ಟ. ಅದು ಸರ್ರನೆ ಸುತ್ತಿಕೊಂಡು ಹೋಗಿ ಅವನ ಬೆರಳಿಗೇ ಬಡಿಯಿತು.

ಡೆಲ್ಲಿಯವರು ಬರುವ ವಾರವೇ ಅಕ್ಕೋರ ತಾಯಿಗೆ ಬೆಳಗಾವಿಯಲ್ಲಿ ಕಣ್ಣಿನ ಆಪರೇಶನ್. ಹೊಸ ಪುಡಿ ಕುಟ್ಟಿ ಆಗಿತ್ತು, ತೊಳೆಯೋದೊಂದೇ ಬಾಕಿ. ನಾಲ್ಕು ದಿನ, ದಿನಕ್ಕೆ ಐದು ಸಲ. ಪುಡಿಯ ಡಬ್ಬಿ ನನ್ನ ಕೈಗೆ ಕೊಟ್ಟು ಹೋದರು.

"ಹೆಂಗರ ಮಾಡು ತಮ್ಮಾ, ಇಪ್ಪತ್ತು ಅಂದ್ರ ಇಪ್ಪತ್ತು. ನಾ ಬಂದಮ್ಯಾಲ ನೋಡಾಕ ಟೈಮ್ ಇರೂದಿಲ್ಲ. ಬಂದಕೂಡ್ಲೆ ಗಾಜಿಗೆ ಸವರೂದು."

"ಹೋಗಿಬರ್ರಿ ಅಕ್ಕೋರ, ನಾ ಅದೇನಿ."

ಮೊದಲ ದಿನ ಐದು ತೊಳೆದೆ. ಎರಡನೆಯ ದಿನ ಮೂರು ತೊಳೆದೆ. ಅಷ್ಟರಲ್ಲಿ ಉಸಗಾಂವದಿಂದ ನಮ್ಮ ಭಾವನ ಫೋನ್ ಬಂತು. ಅದಿರಿನ ಮೈನಿನವರೊಬ್ಬರ ಹಳೇ ಬೈಕು ತಗೊಂಡೀನಿ, ಬಂದು ನೋಡು ಅಂದ. ಹೋದೆ. ಆ ಬೈಕು ಎರಡು ದಿನ ತಳ್ಳಿದರೂ ಸ್ಟಾರ್ಟ್ ಆಗಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಕಟ್ಟಡದ ಕೆಲಸದಲ್ಲಿ ಕ್ಯೂರಿಂಗ್ ಅಂತ ಇರುತ್ತದೆ. ಕಾಲಂಗೆ ಗೋಣಿತಟ್ಟು ಸುತ್ತಿ, ಏಳು ದಿನ ಹಗಲೆಲ್ಲ ನೀರು ಹೊಡೆಯಬೇಕು. ಯಾರೂ ಹೊಡೆಯೋದಿಲ್ಲ. ಇಂಜಿನಿಯರ್ ಬರುವ ಹತ್ತು ನಿಮಿಷ ಮುಂಚೆ ಗೋಣಿತಟ್ಟಿಗೆ ನಾಲ್ಕು ಬಕೆಟ್ ಸುರಿದು, ರಿಜಿಸ್ಟರ್‌ನಲ್ಲಿ ಏಳೂ ದಿನದ ಟಿಕ್ ಹಾಕುತ್ತೇವೆ. ಇಂಜಿನಿಯರ್ ಗೋಣಿ ಮುಟ್ಟುತ್ತಾನೆ, ಒದ್ದೆ ಇರುತ್ತದೆ, ಹೋಗುತ್ತಾನೆ. ನನಗೆ ಮೇಸ್ತ್ರಿ ಕಲಿಸಿದ ಮೊದಲ ವಿದ್ಯೆಯೇ ಅದು. ಹಾಗೆ ಕಟ್ಟಿದ ಮನೆಗಳು ನಿಂತೇ ಇವೆ. ನನ್ನ ತಲೆಯಲ್ಲಿ ಟಿಕ್ ಅಂದರೆ ಅಷ್ಟೇ.

ಅಕ್ಕೋರು ಬರುವ ದಿನ ಬೆಳಿಗ್ಗೆ ಓಡಿ ಬಂದೆ. ಉಳಿದ ಮನೆಗಳಲ್ಲಿ ಟಕಟಕ ಟಿಕ್ ಹೊಡೆದೆ. ಕೋಣೆಯಲ್ಲಿ ವಾಸನೆ ಇರಲಿ ಅಂತ ನೆಲಕ್ಕೆ ಒಂದಿಷ್ಟು ವಿನೆಗರ್ ಹುಳಿ ಚಿಮುಕಿಸಿದೆ.

ಅಕ್ಕೋರು ಒಳಗೆ ಬಂದು ಉದ್ದಕ್ಕೆ ಉಸಿರು ಎಳೆದು, "ಚಲೋ ತೊಳದಿ ನೋಡು," ಅಂದರು.

ಮಾರನೆಯ ದಿನ ಡೆಲ್ಲಿಯವರು ಬಂದರು. ಅಕ್ಕೋರು ಮಾವಶಿಯನ್ನೂ ಕರೆಸಿದ್ದರು. ಐದು ಬಾಂಗಡೆ. ಎರಡು ಅವತ್ತು ಬೆಳಿಗ್ಗೆ ಹಿಡಿದದ್ದು, ಮೂರು ಹಿಂದಿನ ದಿನ ಬಿಸಿಲಿಗೆ ಇಟ್ಟದ್ದು. ಐದರ ಮಾಂಸ ಅರೆದು, ಸೋಸಿ, ಐದು ಲೋಟದಲ್ಲಿ ನೀರು ಇಟ್ಟಿದ್ದರು. ಅದೇ ನೀರಿನ ಇನ್ನೊಂದು ಪಾಲು ಪಣಜಿ ಕಡೆಯ ದೊಡ್ಡ ಮಷಿನ್ನಿಗೆ ಹೋಗಿತ್ತು. ಆ ಮಷಿನ್ನಿನ ಪಾಳಿ ಸಿಗಲು ನಾಲ್ಕು ತಿಂಗಳು ಕಾದಿದ್ದರು. ಮಷಿನ್ ಹೇಳಿದ್ದು, ಗಾಜು ಹೇಳಿದ್ದು ಒಂದೇ ಆದರೆ ಕೆಲಸ ಗೆದ್ದ ಹಾಗೆ.

ಕಿಟಕಿಗೆ ಕರಿ ಬಟ್ಟೆ ಹಾಕಿದರು. ಮೊದಲನೇ ಗಾಜು ಅದ್ದಿ ದೀಪ ಹಿಡಿದರು. ಹಸಿರು. ಎರಡನೆಯದು ಹಸಿರು. ಮೂರು, ನಾಲ್ಕು, ಐದು... ಹಸಿರೋ ಹಸಿರು. ಶ್ರಾವಣ ಮಾಸದ ಹೊಲ ಇದ್ದಂಗೆ.

ಡೆಲ್ಲಿಯ ದಪ್ಪ ಸಾಹೇಬ ಚಪ್ಪಾಳೆ ತಟ್ಟಿ, "ವಾಹ್! ಸಬ್ ಗ್ರೀನ್, ಸಬ್ ಅಚ್ಛಾ!" ಅಂದ.

"ಹಸಿರು ಅಂದರೆ ಕೆಟ್ಟದ್ದು ಸರ್," ಅಂತ ಅಕ್ಕೋರು ಹಿಂದಿಯಲ್ಲಿ ಮೆಲ್ಲಗೆ ಹೇಳಿದರು.

ಇದು ಮಾವಶಿಗೆ ತಿಳಿಯಿತು. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಕಿತೆಂ? ಮ್ಹಜೆಂ ನುಸ್ತೆಂ ವಾಯ್ಟ್?" ನನ್ನ ಮೀನು ಕೆಟ್ಟದ್ದಾ ಅಂತ ಕೂಗಿದ್ದು. ಕತ್ತಲೆ ಕೋಣೆಯಲ್ಲಿ ನತ್ತು ಮಾತ್ರ ಹೊಳೆಯುತ್ತಿತ್ತು. "ಈ ಎರಡು ಮೀನ ಮುಂಜಾನೆ ನನ್ನ ಕೈಯಾಗ ಜಿಗದಾಡ್ಯಾವು! ಗಾಜಿನವಾ, ಹೇಳು! ನೀನ ತಂದಿಯಲ್ಲ!"

ನಾನು ಕಿಟಕಿಯ ಕರಿ ಬಟ್ಟೆ ಸರಿಪಡಿಸುವ ನೆಪ ಮಾಡಿದೆ.

ಅಕ್ಕೋರು ಹೊಸ ಗಾಜು ಒಂದು ತೆಗೆದು, ಕುಡಿಯುವ ನೀರಿನ ಲೋಟದಲ್ಲಿ ಅದ್ದಿ, ದೀಪ ಹಿಡಿದರು. ಹಸಿರು. ಬರೀ ನೀರಿಗೂ ಹಸಿರು. ಪುಡಿಯ ತಗ್ಗಿನಲ್ಲಿ ಹಳೆಯ ವಿಷ ಹಾಗೇ ಕೂತಿತ್ತು, ಹೊರಗಿನದು ಬರುವ ಜರೂರೇ ಇರಲಿಲ್ಲ.

ಅವರು ಕರಿ ಬಟ್ಟೆ ಸರಿಸಿ, ತಿರುಗಿ ಗೋಡೆಯ ಹಾಳೆ ನೋಡಿದರು. ಮೊದಲ ಎಂಟು ಟಿಕ್ ಒಂದೊಂದು ದಿಕ್ಕಿಗೆ, ಕೆಲವು ತೆಳ್ಳಗೆ, ಕೆಲವು ಹುಳಿ ಬಿದ್ದು ಹರಡಿದ್ದು. ಮುಂದಿನವೆಲ್ಲ ಒಂದೇ ಓರೆ, ಒಂದೇ ಒತ್ತು. ಆಮೇಲೆ ನನ್ನನ್ನು ನೋಡಿದರು. ನಾನು ಆಟದ ಸರ್ ಬಿಟ್ಟು ಹೋದ ಗೀಟು ಇದ್ದ ನೆಲ ನೋಡಿದೆ.

"ತೊಳೆಯೋದು ಕಡಿಮೆ ಆಗಿದೆ," ಅಂತ ಡೆಲ್ಲಿಯವರಿಗೆ ಹಿಂದಿಯಲ್ಲಿ ಹೇಳಿದರು. "ಸವರೋ ಮುಂಚೆ ನಾನು ನೀರಿನಲ್ಲಿ ಅದ್ದಿ ನೋಡಬೇಕಿತ್ತು. ತಪ್ಪು ನನ್ನದು."

ಮಾವಶಿ ಮಾತ್ರ ಬಿಡಲಿಲ್ಲ. ತನ್ನ ಮೀನಿನ ಮಾನ ಹೋಗಿದೆ, ವಾಪಸ್ ಬೇಕು ಅಂದಳು. ತನ್ನ ಬುಟ್ಟಿಯಲ್ಲಿ ಉಳಿದಿದ್ದ ತಾಜಾ ಬಾಂಗಡೆ ಕಾಲೇಜಿನ ಕ್ಯಾಂಟೀನಿಗೆ ಒಯ್ದು, ಕೆಂಪು ಮಸಾಲೆ ಹಚ್ಚಿ ತಾನೇ ಹುರಿದಳು. ಡೆಲ್ಲಿಯ ಇಬ್ಬರೂ ಸಾಹೇಬರನ್ನು ಕೂರಿಸಿ ತಿನ್ನಿಸಿದಳು. ಮುಖ ಕೆಂಪಾಗುತ್ತದಾ ಅಂತ ನಾವೆಲ್ಲ ಸುತ್ತ ನಿಂತು ನೋಡುತ್ತಿದ್ದೆವು. ಐದು ನಿಮಿಷಕ್ಕೆ ದಪ್ಪ ಸಾಹೇಬನ ಮುಖ ಟೊಮೆಟೊ ಆಯಿತು, ಕಣ್ಣಲ್ಲಿ ನೀರು. ಅಕ್ಕೋರು ಗಾಬರಿಯಾಗಿ ರಿಕ್ಷಾ ಕರೆಯಿರಿ ಅಂದರು. ಅವನು ಕೈ ಬೀಸಿ, "ಮಿರ್ಚಿ! ಮಿರ್ಚಿ!" ಅಂದು, ಇನ್ನೊಂದು ತುಂಡು ಹಾಕಿಸಿಕೊಂಡ.

ಆ ಬಾಂಗಡೆಯ ರುಚಿಗೋ ಏನೋ, ಒಂದು ತಿಂಗಳು ಅವಧಿ ಕೊಟ್ಟರು. ಸರಿಯಾದ ಲೆಕ್ಕ ಕಳಿಸಿ, ನೋಡೋಣ ಅಂದರು.

ಅವರು ಹೋದ ಮೇಲೆ ಅಕ್ಕೋರು ಬೈತಾರೆ ಅಂತ ಕಾದೆ. ಬೈಯಲಿಲ್ಲ. ಉಳಿದ ಪುಡಿಯ ಡಬ್ಬಿ ಮೇಜಿನ ಮೇಲೆ ಇಟ್ಟರು.

"ಹೊಸಾ ಪುಡಿ ಮಾಡಾಕ ಟೈಮ್ ಇಲ್ಲ. ಇದನ್ನ ಮತ್ತ ತೊಳಿಯೂಣು. ಎಷ್ಟನೇದರಿಂದ ಶುರು ಮಾಡ್ಲಿ, ತಮ್ಮಾ?"

ಒಂಬತ್ತನೆಯದರಿಂದ ಅಂದರೆ ಸಿಕ್ಕಿಬಿದ್ದ ಹಾಗೆ. "ಒಂದರಿಂದ ರೀ," ಅಂದೆ.

"ಒಂದರಿಂದ?"

"ಹೌದ್ರಿ. ಗಟ್ಟಿ ಆಗ್ಲಿ."

"ಆತು," ಅಂದು ಹೊಸ ಹಾಳೆ ಅಂಟಿಸಿದರು.

ಈ ಸಲ ಅವರು ಪಕ್ಕದಲ್ಲೇ ಕೂತರು. ಪ್ರತಿ ಸಲ ತೊಳೆದ ನೀರಿನ ಒಂದು ಹನಿ ಒಣಗಿಸಿ, ನೀರಲ್ಲಿ ಕಲಸಿ, ಹಿಂದಿನ ಪುಡಿ ಸವರಿದ್ದ ಹಳೆಯ ಒಳ್ಳೆಯ ಗಾಜಿನ ಒಂದು ಚೂರಿಗೆ ತಾಗಿಸಿ ದೀಪ ಹಿಡಿದರು. ಕಣ್ಣಿಗೆ ತಿಳಿ ನೀರು. ದೀಪಕ್ಕೆ ಹಸಿರು. ನಮ್ಮವ್ವನ ಅಕ್ಕಿಯ ಲೆಕ್ಕ ಇಲ್ಲಿ ನಡೆಯೋದಿಲ್ಲ ಅಂತ ಆಗ ತಿಳಿಯಿತು. ತೊಳೆದ ಹಾಗೆಲ್ಲ ಹಸಿರು ಸಣ್ಣಗಾಗುತ್ತ ಬಂತು. ಹನ್ನೊಂದಕ್ಕೆ ಬರೀ ಮಿಣಕು. ಹನ್ನೆರಡಕ್ಕೆ ಕತ್ತಲು.

"ಹನ್ನೆರಡಕ್ಕ ನಿಂತು," ಅಂದರು ಅಕ್ಕೋರು. ಹಾಳೆಯ ಮೂಲೆಯಲ್ಲಿ ಏನೋ ಬರೆದು ಸಣ್ಣಗೆ ನಕ್ಕರು. "ಚಲೋ ಆತು."

ಇಷ್ಟು ಬೇಗ ಮುಗಿಯಿತಲ್ಲ ಅಂತ ನನಗೂ ಖುಷಿ.

ಗಾಜು ಈಗ ಖರೇ ಹೇಳಿತು. ತಾಜಾ ಮೀನಿಗೆ ಕತ್ತಲು, ಕೆಟ್ಟದ್ದಕ್ಕೆ ಹಸಿರು. ಆದರೆ ದೊಡ್ಡ ಮಷಿನ್ನಿನ ಪಾಳಿ ಹೋಗಿತ್ತು. ಮೀನಿನ ನೀರು ಇಟ್ಟಲ್ಲೇ ಕೆಡುತ್ತದೆ, ಹಳೆಯ ಲೆಕ್ಕ ಹೊಸ ಗಾಜಿಗೆ ಬರೋದಿಲ್ಲ. ಮುಂದಿನ ಪಾಳಿಗೆ ಮತ್ತೆ ನಾಲ್ಕು ತಿಂಗಳು. ಕೈಯಲ್ಲಿದ್ದದ್ದು ಒಂದು ತಿಂಗಳು. ಹಾಗಾಗಿ ಮಷಿನ್ನಿನ ಜಾಗದಲ್ಲಿ ಮಾವಶಿ ಬಂದಳು. ದಿನಾ ಮಾರ್ಕೆಟ್ ಮುಗಿಸಿ ಬಂದು, ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಮೂಸುತ್ತಿದ್ದಳು. ಆಕೆ ಹೇಳಿದ್ದು ಅಕ್ಕೋರು ಬರೆದುಕೊಳ್ಳುತ್ತಿದ್ದರು. ಆಮೇಲೆ ಗಾಜು.

ಇಬ್ಬರೂ ಒಂದೇ ಮಾತು ಹೇಳುತ್ತಿದ್ದರು. ಒಂದೇ ಒಂದು ಸಲ ಜಗಳ ಬಂತು. ಮಾವಶಿ ತಾಜಾ ಅಂದಳು, ಗಾಜು ಹಸಿರು ತೋರಿಸಿತು. ಮಾವಶಿ ಬಾಯಿಗೆ ಬಂದ ಹಾಗೆ ಗಾಜಿಗೆ ಬೈದು ಎದ್ದಳು. ಆವಾಗ ನಾನು ಒಪ್ಪಿಕೊಂಡೆ. ಆ ಮೀನು ತರುವಾಗ ಬಸ್ಸಿನ ಇಂಜಿನ್ ಪಕ್ಕ ಚೀಲ ಇಟ್ಟು ಮರೆತು, ಡಿಪೋ ತನಕ ಹೋಗಿ ಮಧ್ಯಾಹ್ನ ತಂದಿದ್ದೆ. ಮಾವಶಿ ಮತ್ತೆ ಕೂತು, ಕಿವಿರು ಎತ್ತಿ, ಈ ಸಲ ಬಹಳ ಹೊತ್ತು ಮೂಸಿದಳು. ಅವತ್ತು ಆಕೆಗೆ ನೆಗಡಿ.

"ಗಾಜಿಗೆ ಮೂಗು ಐತಿ," ಅಂದಳು ಕಡೆಗೆ. ಅಕ್ಕೋರ ಮುಖ ನೋಡಬೇಕಿತ್ತು. ಡೆಲ್ಲಿಯಿಂದ ಪದಕ ಬಂದಿದ್ದರೂ ಅಷ್ಟು ಅರಳುತ್ತಿರಲಿಲ್ಲ.

ಡೆಲ್ಲಿಯಿಂದ ಕಾಗದ ಬಂತು. ಕೆಲಸ ಚೆನ್ನಾಗಿದೆ, ಆದರೆ ಹೆಂಗಸಿನ ಮೂಗು ಪ್ರಮಾಣ ಅಲ್ಲ, ಮಷಿನ್ನಿನ ಲೆಕ್ಕ ಎಲ್ಲಿ ಅಂತ ಇತ್ತಂತೆ. ಕೆಲಸ ಬಂದ್. ಆಟದ ಸರ್ ಮಾರನೆಯ ವಾರವೇ ಎಂಟು ಕೇರಂ ಬೋರ್ಡು ಹೊರಿಸಿಕೊಂಡು ಬಂದ. ಅಷ್ಟು ಅಳೆದಿದ್ದರೂ ಒಂದು ಬೋರ್ಡು ಬಾಗಿಲಲ್ಲಿ ಹಿಡಿಯಲಿಲ್ಲ.

ಅಕ್ಕೋರು ಬೆಳಗಾವಿಗೆ ಹೊರಟರು. ಮಡಗಾಂವ ಬಸ್ ಸ್ಟ್ಯಾಂಡಿಗೆ ಟ್ರಂಕು ನಾನೇ ಹೊತ್ತೆ. ಕಿಟಕಿಯ ಹತ್ತಿರ ಕೂತವರು ಚೀಲದಿಂದ ಮಡಚಿದ ಹಾಳೆ ತೆಗೆದು ಕೊಟ್ಟರು. ಎರಡನೆಯ ಸಲ ತೊಳೆದಾಗ ಗೋಡೆಗೆ ಇದ್ದದ್ದು. ಹಿಂದೆ ಫೋನ್ ನಂಬರ್ ಬರೆದಿದ್ದರು.

"ಈಗರ ಖರೇ ಹೇಳು ತಮ್ಮಾ. ಮೊದಲನೇ ಸಲ ಎಷ್ಟು ತೊಳದಿದ್ದಿ?"

"ಇಪ್ಪತ್ತು ರೀ," ಅಂದೆ.

ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಚಷ್ಮಾ ಜಾರುವ ಹಾಗೆ ನಕ್ಕರು. "ಆತು ಬಿಡು. ಕೈ ಚಲೋ ಅದ ನಿಂದು. ತೊಳಿಯೂ ಕೆಲಸ ಬಿಡಬ್ಯಾಡ." ಬಸ್ಸು ಹೊರಟಿತು...

ಬಿಡಲಿಲ್ಲ. ಈಗ ವೆರ್ಣಾದಲ್ಲಿ ಔಷಧದ ಫ್ಯಾಕ್ಟರಿಯಲ್ಲಿ ದೊಡ್ಡ ದೊಡ್ಡ ಟ್ಯಾಂಕು ತೊಳೆಯುತ್ತೇನೆ. ಅಲ್ಲೂ ಗೋಡೆಗೆ ಹಾಳೆ, ಅಲ್ಲೂ ಟಿಕ್. ಜೊತೆಯವರು ಶಿಫ್ಟ್ ಮುಗಿಯುವಾಗ ಒಟ್ಟಿಗೆ ಹೊಡೆಯುತ್ತಾರೆ. ನಾನು ಒಂದೊಂದೇ ಹೊಡೆಯುತ್ತೇನೆ. ಯಾಕೆ ಅಂತ ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ.

ಹೋದ ವಾರ ವಿನೆಗರ್ ವಾಸನೆ ಬಂದ ದಿನ ಬಸ್ಸಿನಲ್ಲಿ ಕೂತು ಇದನ್ನೆಲ್ಲ ನೆನೆಯುತ್ತಿದ್ದೆ. ವೆರ್ಣಾ ಹತ್ತಿರ ಬಂದಿತ್ತು. ಥಟ್ಟನೆ ಹೊಳೆಯಿತು. ಪುಡಿಗೆ ಇಪ್ಪತ್ತು ಸಲ ಬೇಕು. ಎರಡನೆಯ ಸಲ ಹನ್ನೆರಡಕ್ಕೇ ನಿಂತಿತು. ಇಪ್ಪತ್ತರಲ್ಲಿ ಹನ್ನೆರಡು ಹೋದರೆ ಎಷ್ಟು? ಅಷ್ಟು ಲೆಕ್ಕಕ್ಕೆ ನಾಲ್ಕನೇ ಇಯತ್ತೆ ಸಾಕು. ನನಗೆ ಇಷ್ಟು ವರ್ಷ ಬೇಕಾಯಿತು. ಮನೆಗೆ ಬಂದು ಟ್ರಂಕಿನಿಂದ ಹಾಳೆ ತೆಗೆದು ನೋಡಿದೆ. ಮೂಲೆಯಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ ಒಂದು ಅಂಕಿ. ಎಂಟು. ಅವರಿಗೆ ಆವತ್ತೇ ಗೊತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಕೇಳಿದ್ದು ತಿಳಿದುಕೊಳ್ಳಲು ಅಲ್ಲ.

ರವಿವಾರ ಹಾಳೆಯ ಹಿಂದಿನ ನಂಬರಿಗೆ ಫೋನ್ ಮಾಡಿದೆ. ಒಬ್ಬ ಹಿರಿಯರು ಎತ್ತಿದರು. ಅಕ್ಕೋರ ಅಣ್ಣನಂತೆ.

"ಆಕಿ ತೀರಿಹೋಗಿ ಎರಡು ವರ್ಷ ಆತ್ರಿ," ಅಂದರು. "ನೀವು ಯಾರು? ಏನರ ಹೇಳೂದಿತ್ತೇನು?"

ಫೋನ್ ಇಡಬೇಕಿತ್ತು. ಇಡಲಿಲ್ಲ. ಮೇಲಿನ ಮೆಟ್ಟಿಲಿನಿಂದ ಆ ಹುಳಿ ವಾಸನೆ ಇನ್ನೂ ಬರುತ್ತಲೇ ಇತ್ತು, ನಾಲ್ಕು ಸಲ ನೀರು ಹಾಕಿ ತೊಳೆದಿದ್ದರೂ.

"ಎಂಟು ರೀ," ಅಂದೆ.

"ಏನ್ ಎಂಟು?"

"ಎಂಟು ಸಲ ರೀ. ಅಷ್ಟ."

ಧಾರವಾಡದ ಕಡೆಯ ಮಂದಿ, ತಿಳಿಯದಿದ್ದರೂ ಎದುರಿನವರನ್ನು ಬರಿಗೈಯಲ್ಲಿ ಕಳಿಸೋದಿಲ್ಲ.

"ಆತ್ರಿ," ಅಂದರು. "ಬರದ ಇಡ್ತೇನಿ."